ಇವರ ನಗು

ಇವರನ್ನು ನೀವು ನೋಡಿಯೇ ಇರುತ್ತೀರಿ. ಶನಿವಾರ ಸಂಜೆ ಟಿವಿಯಲ್ಲಿ ಅಪರಾಧದ ಕಾರ್ಯಕ್ರಮ ಬರುತ್ತದಲ್ಲ, ಅದರಲ್ಲಿ ಹೆಂಡತಿಯ ಹಾಲಿಗೆ ವಿಷ ಬೆರೆಸಿದವರು ಇವರೇ. ಅತ್ತೆಯನ್ನು ಮಹಡಿ ಮೆಟ್ಟಿಲಿಂದ ತಳ್ಳಿದವರೂ ಇವರೇ. ಮುದುಕಿಯ ಕತ್ತಿನ ಸರ ಕಿತ್ತುಕೊಂಡು ಸಂದಿಯೊಳಗೆ ಓಡಿದವರು, ಒಡಹುಟ್ಟಿದ ಅಣ್ಣನನ್ನು ನೀರಿನ ತೊಟ್ಟಿಗೆ ನೂಕಿದವರು, ಬ್ಯಾಂಕಿನ ಕಾವಲುಗಾರನನ್ನು ಕುರ್ಚಿಗೆ ಕಟ್ಟಿಹಾಕಿದವರು, ಎಲ್ಲ ಇವರೇ. ಕೆಲಸ ಮುಗಿಸಿ ಕ್ಯಾಮೆರಾದ ಕಡೆ ತಿರುಗಿ ಗಹಗಹಿಸಿ ನಗುತ್ತಾರಲ್ಲ, ಆ ನಗುವನ್ನಂತೂ ಮರೆತಿರಲಾರಿರಿ. ನಮ್ಮ ಬೀದಿಯ ಮಕ್ಕಳು ಇವರನ್ನು ಕರೆಯುವುದೇ ರಾಕ್ಷಸ ಮಾಮ ಎಂದು. ಆ ರಾಕ್ಷಸ ಮಾಮನ ಹೆಂಡತಿ ನಾನು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಹಾಲಿಗೆ ಒಮ್ಮೆ ಮರೆತು ಎರಡು ಸಲ ಸಕ್ಕರೆ ಹಾಕಿದ್ದು ಬಿಟ್ಟರೆ ಬೇರೇನೂ ಬೆರೆಸಿಲ್ಲ.

ಅಸಲಿಗೆ ಇವರ ಕಸುಬು ಸೋಫಾ ಹೊಲಿಯುವುದು. ಮಾವನವರ ಕಾಲದ ಅಂಗಡಿ. ಒಳಗೆ ಕಾಲಿಟ್ಟರೆ ಒಂದು ಕಡೆ ಸ್ಪಾಂಜಿನ ಹಾಳೆಗಳು, ಇನ್ನೊಂದು ಕಡೆ ಚರ್ಮ ಸುಲಿದ ಹಾಗೆ ಬಟ್ಟೆ ಕಿತ್ತ ಕುರ್ಚಿಗಳು, ನೆಲದ ತುಂಬ ನಾರು. ಇವರು ಯಾವಾಗಲೂ ಯಾವುದಾದರೂ ಸೋಫಾದ ಅಡಿಯಲ್ಲೋ ಬೆನ್ನ ಹಿಂದೆಯೋ ಇರುತ್ತಾರೆ. ಬಾಯಿ ತುಂಬ ಸಣ್ಣ ಮೊಳೆಗಳು. ಒಂದು ಕೈಯಲ್ಲಿ ಬಟ್ಟೆ ಬಿಗಿ ಹಿಡಿದು ಇನ್ನೊಂದರಲ್ಲಿ ಸುತ್ತಿಗೆ ಹಿಡಿದಾಗ ಮೊಳೆ ಇಟ್ಟುಕೊಳ್ಳಲು ಬಾಯಿ ಬಿಟ್ಟು ಬೇರೆ ಜಾಗ ಎಲ್ಲಿದೆ? ಹಾಗಾಗಿ ಗಿರಾಕಿಗಳಿಗೆ ಇವರ ಉತ್ತರ ಹೆಚ್ಚಾಗಿ "ಹ್ಞೂಂ" ಅಥವಾ "ಊಹ್ಞೂಂ". ಮನೆಯಲ್ಲಿ ಮೊಳೆ ಇಲ್ಲದಿದ್ದರೂ ಅದೇ ಉತ್ತರ, ಅದು ಬೇರೆ ಮಾತು. ಹುಬ್ಬುಗಳು ನಡುವೆ ಕೂಡಿಕೊಂಡಿವೆ. ಎಡಗಣ್ಣಿನ ರೆಪ್ಪೆ ಸ್ವಲ್ಪ ಜೋತಿದೆ. ಮುಂದಿನ ಹಲ್ಲುಗಳ ಸಂದಿ ಮೊಳೆ ಕಚ್ಚಿ ಕಚ್ಚಿ ಅಗಲವಾಗಿದೆ. ದೇವರು ಕೊಟ್ಟ ಮುಖ, ನಾನು ಒಪ್ಪಿಕೊಂಡ ಮುಖ, ಬೇರೆಯವರಿಗೇನು ತೊಂದರೆ ಅಂತ ನನಗೆ ಈಗಲೂ ಅರ್ಥವಾಗುವುದಿಲ್ಲ.

ಒಂದು ದಿನ ಟಿವಿ ಸ್ಟುಡಿಯೋದಲ್ಲಿ ಕಾರ್ಯಕ್ರಮ ನಡೆಸಿಕೊಡುವಾಕೆ ಕೂರುವ ಸೋಫಾದ ಸ್ಪ್ರಿಂಗ್ ಮುರಿದು ಇವರಿಗೆ ಕರೆ ಬಂತು. ಹೋಗಿ ಸೋಫಾದ ಕೆಳಗೆ ನುಸುಳಿ ಕೆಲಸ ಮಾಡುತ್ತಿದ್ದರಂತೆ. ಆ ಹೊತ್ತಿಗೆ ಸರಗಳ್ಳನ ಪಾತ್ರ ಮಾಡಬೇಕಾದವನು ಕೈಕೊಟ್ಟಿದ್ದಾನೆ. ಡೈರೆಕ್ಟರ್ ಎಂದರೆ ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ, ಬೆವರು ಒರೆಸಿಕೊಳ್ಳುತ್ತ ಓಡಾಡುತ್ತಿದ್ದಾನೆ. ಇವರು ಹಲ್ಲಿನ ನಡುವೆ ಮೊಳೆ ಕಚ್ಚಿಕೊಂಡು, ತಲೆಯ ಮೇಲೆ ನಾರು ಹೊತ್ತು, ಸೋಫಾದ ಹಿಂದಿನಿಂದ ಮೆಲ್ಲಗೆ ಎದ್ದು ನಿಂತಿದ್ದಾರೆ. ಆ ಹುಡುಗ "ಅಂಕಲ್, ಹಾಗೇ ಇರಿ! ಅಲ್ಲಾಡಬೇಡಿ!" ಅಂತ ಕೂಗಿಬಿಟ್ಟ. ಕೈಗೆ ಒಂದು ರಬ್ಬರ್ ಚಾಕು ಕೊಟ್ಟರು. ಕ್ಯಾಮೆರಾ ಮುಂದೆ ನಿಂತು ಗಾಬರಿಯಲ್ಲಿ ಇವರು ಆ ಚಾಕುವನ್ನು ಗೋಡೆಗೆ ಒತ್ತಿದರೆ ಅದು ಬಾಡಿದ ಬೀನ್ಸಿನ ಹಾಗೆ ಬಾಗಿತು. ಅಷ್ಟೇ. ಇವರಿಗೆ ಆ ನಗು ಬಂದುಬಿಟ್ಟಿತು.

ಆ ನಗುವಿನ ಗುಟ್ಟು ನನಗೆ ಮೊದಲೇ ಗೊತ್ತಿತ್ತು. ಇವರಿಗೆ ಭಯವಾದರೆ, ನಾಚಿಕೆಯಾದರೆ, ಎದೆ ಢವಢವ ಅಂದರೆ ಆ ನಗು ಬರುತ್ತದೆ. ತಡೆಯೋಣ ಅಂದರೆ ತಡೆಯಲಾಗುವುದಿಲ್ಲ, ಬೇಕು ಅಂದರೆ ಬರುವುದಿಲ್ಲ. ನಾನು ಮೊದಲು ಕೇಳಿದ್ದು ನಮ್ಮಪ್ಪನ ಮನೆಯಲ್ಲಿ. ಅಪ್ಪನ ಒರಗು ಕುರ್ಚಿ ರಿಪೇರಿಗೆ ಬಂದಿದ್ದರು. ನಾನು ಟೀ ತಂದೆ. ತಟಕ್ಕನೆ ಎದ್ದು ನಿಂತವರ ತಲೆ ಕಿಟಕಿಯ ಬಾಗಿಲಿಗೆ ಬಡಿಯಿತು, ಆ ನಗು ಹೊರಟಿತು. ಪಕ್ಕದ ಕೋಣೆಯಲ್ಲಿದ್ದ ಅಪ್ಪ ಯಾರೋ ಬಿದ್ದರು ಅಂತ ಓಡಿ ಬಂದರು. ನಾನು ಒಲಿದದ್ದು ಆ ನಗುವಿಗೆ. ಮುಂದೆ ಆಸ್ಪತ್ರೆಯಲ್ಲಿ ನರ್ಸು ಮಗಳನ್ನು ತಂದು ಕೈಗಿಟ್ಟಾಗ ಇವರು ನಕ್ಕಿದ್ದಕ್ಕೆ ವಾರ್ಡಿನ ಕೂಸುಗಳೆಲ್ಲ ಎದ್ದು ರಾಗ ಎಳೆದವು.

ಡೈರೆಕ್ಟರ್ ಹುಡುಗನಿಗೂ ಇದು ಬೇಗ ತಿಳಿಯಿತು. ಎರಡನೇ ಸಲ ಕರೆಸಿ "ನಗಿ ಅಂಕಲ್" ಅಂದರೆ ಇವರಿಗೆ ಕೆಮ್ಮು ಬಂತೇ ಹೊರತು ನಗು ಬರಲಿಲ್ಲ. ಆದರೆ ಮೊದಲ ದಿನದ ನಗು ಅವರ ಕಂಪ್ಯೂಟರಿನಲ್ಲಿ ಭದ್ರವಾಗಿತ್ತು. ಅದನ್ನೇ ಪ್ರತಿವಾರ ತೆಗೆದು ಅಂಟಿಸತೊಡಗಿದರು. ಕಳ್ಳ ಆದರೂ ಅದೇ ನಗು, ಕೊಲೆಗಾರ ಆದರೂ ಅದೇ ನಗು. "ನಗು ಹಾಕು" ಅಂತ ಹೇಳಿದರೆ ಕಂಪ್ಯೂಟರಿನ ಮುಂದೆ ಕೂತವನು ಹಾಕುತ್ತಾನೆ. ಇವರು ಬಾಯಿ ತೆರೆದು ನಿಂತರೆ ಸಾಕು. ಅದಕ್ಕೆ ಸ್ಟಾಕ್ ನಗು ಅನ್ನುತ್ತಾರಂತೆ. ನಮಗೆ ಅದೊಂದು ತಮಾಷೆಯಾಗಿತ್ತು. ರಬ್ಬರ್ ಚಾಕುವನ್ನು ಅವರೇ ನೆನಪಿಗೆಂದು ಕೊಟ್ಟರು, ಮಗಳು ಅದರಲ್ಲಿ ಬ್ರೆಡ್ಡಿಗೆ ಜಾಮ್ ಸವರುತ್ತಿದ್ದಳು.

ಟಿವಿಯ ಮಹಿಮೆ ಸಣ್ಣದಲ್ಲ. ಬಸ್ಸಿನಲ್ಲಿ ಇವರ ಪಕ್ಕದ ಸೀಟು ಎಂಥ ನೂಕುನುಗ್ಗಲಿನಲ್ಲೂ ಖಾಲಿ. ನನಗದು ಲಾಭವೇ ಆಯಿತು, ಆರಾಮಾಗಿ ಕೂತು ಹೋಗುತ್ತಿದ್ದೆ. ಒಮ್ಮೆ ಮಾರುಕಟ್ಟೆಯಲ್ಲಿ ಒಬ್ಬಾಕೆ ಹಿಂದಿನಿಂದ ಬಂದು ಇವರ ಬೆನ್ನಿಗೆ ಕೊಡೆಯಲ್ಲಿ ಎರಡು ಬಿಟ್ಟಳು. ನಾನು ಜಗಳಕ್ಕೆ ನಿಂತು, ಅದು ಬರೀ ನಾಟಕ ಕಣ್ರೀ ಅಂತ ಬಿಡಿಸಿ ಹೇಳಿದ ಮೇಲೆ ಪಾಪ ಕ್ಷಮೆ ಕೇಳಿದಳು. ಹೋಗುವಾಗ ತಿರುಗಿ ನೋಡಿ, "ಆದ್ರೂ ಯಾಕಪ್ಪಾ ಆ ಹಾಲಿಗೆ ವಿಷ ಹಾಕ್ದೆ? ಅವಳು ನಿನಗೇನು ಮಾಡಿದ್ಲು?" ಅಂದಳು. ಇವರು ನಾಚಿಕೊಂಡು "ತಪ್ಪಾಯ್ತಮ್ಮ" ಅಂದರು. ಹೀಗೆ ಮಾಡದ ತಪ್ಪಿಗೆಲ್ಲ ತಪ್ಪಾಯ್ತು ಅನ್ನುವ ಮನುಷ್ಯ.

ಇನ್ನು ಗುಂಡಿಯಮ್ಮನ ವಿಷಯಕ್ಕೆ ಬರುತ್ತೇನೆ. ಹೇಳಬೇಕಾಗಿದ್ದೇ ಅದು.

ಸೋಫಾದ ಬೆನ್ನಿನಲ್ಲಿ ಗುಳಿ ಬಿದ್ದ ಹಾಗೆ ಸಾಲಾಗಿ ಗುಂಡಿಗಳು ಇರುತ್ತವಲ್ಲ, ಆ ಗುಂಡಿಗಳಿಗೆ ಸೋಫಾದ್ದೇ ಬಟ್ಟೆ ಹೊದಿಸುವುದು ಒಂದು ಕೆಲಸ. ಬಟ್ಟೆಯನ್ನು ದುಂಡಗೆ ಕತ್ತರಿಸಿ, ತಗಡಿನ ಗುಂಡಿಯ ಮೇಲೆ ಎಳೆದು, ಹಿಂದೆ ಮಡಿಸಿ ಒತ್ತಬೇಕು. ಒಂದು ಸುಕ್ಕು ಉಳಿದರೂ ಎದ್ದು ಕಾಣುತ್ತದೆ. ಮಾವನವರ ಕಾಲದಿಂದ ಅಂಗಡಿಯ ಮೂಲೆಯಲ್ಲಿ ಕೂತು ಅದನ್ನು ಮಾಡುತ್ತಿರುವವರು ಗುಂಡಿಯಮ್ಮ. ಕಣ್ಣು ಮಂಜಾಗಿದೆ, ಬೆರಳು ಮಂಜಾಗಿಲ್ಲ. ಇವರನ್ನು ಚಡ್ಡಿ ಹಾಕಿದ್ದ ಕಾಲದಿಂದ ಕಂಡವರು, ಹಾಗಾಗಿ ಇವರು ಅವರಿಗೆ "ಮಗಾ". ನನಗೆ ತಲೆಗೂದಲು ನರೆತರೂ ಅವರ ಬಾಯಲ್ಲಿ ನಾನು "ಏನೇ ಹುಡುಗಿ".

ಅವರಿಗೆ ಒಬ್ಬನೇ ಮಗ, ತಡವಾಗಿ ಹುಟ್ಟಿದವನು. ಗಂಡ ಬೇಗ ಹೋದರು. ಆ ಮಗು ಬೆಳೆದದ್ದು ನಮ್ಮ ಅಂಗಡಿಯ ಸ್ಪಾಂಜಿನ ಚೂರುಗಳ ನಡುವೆ. ಮಧ್ಯಾಹ್ನ ಯಾವುದೋ ಗಿರಾಕಿಯ ಸೋಫಾದ ಮೇಲೆ ಜೊಲ್ಲು ಸುರಿಸಿಕೊಂಡು ಮಲಗಿರುತ್ತಿದ್ದ. ದೊಡ್ಡವನಾಗಿ ಗೆಳೆಯನೊಬ್ಬನ ಜೊತೆ ಸೇರಿ ಬೈಕ್ ರಿಪೇರಿ ಗ್ಯಾರೇಜು ತೆರೆದ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಗೆಳೆಯರು. ಗುಂಡಿಯಮ್ಮ ಅಡುಗೆ ಮಾಡಿದರೆ ಇಬ್ಬರಿಗೂ ಸೇರಿಸಿಯೇ ಮಾಡುತ್ತಿದ್ದರು.

ಆ ಗ್ಯಾರೇಜಿಗೆ ಹೊಸ ಬೋರ್ಡು ಬರೆಸುವ ಮಾತು ಬಂತು. ಯಾರ ಹೆಸರು ಮೊದಲು ಎಂಬುದಕ್ಕೆ ಜಗಳ ಹತ್ತಿತು. ಇಷ್ಟೇ. ಇಷ್ಟಕ್ಕೇ. ಅರ್ಧ ಎಳೆದ ಶಟರಿನ ಒಳಗೆ ಮಾತಿಗೆ ಮಾತು ಬೆಳೆದು ಗುಂಡಿಯಮ್ಮನ ಮಗನ ಕೈಗೆ ಸ್ಪ್ಯಾನರ್ ಸಿಕ್ಕಿತು. ಆಮೇಲೆ ಇವನೇ ರಸ್ತೆಗೆ ಓಡಿ ಬಂದು ಜನರನ್ನು ಕೂಗಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆ ಗೆಳೆಯ ಹೋಗಿಬಿಟ್ಟಿದ್ದ.

ಅವನು ಮಾಡಿದ್ದು ತಪ್ಪು. ತಪ್ಪು ಅನ್ನುವ ಮಾತೂ ಸಾಲದು. ಇದನ್ನು ನಾನು ಗುಂಡಿಯಮ್ಮನ ಮುಂದೆಯೂ ಹೇಳಿದ್ದೇನೆ, ಅವರೂ ಇಲ್ಲ ಅನ್ನಲಿಲ್ಲ. ಸತ್ತವನ ಮನೆಯ ಗೇಟಿನವರೆಗೆ ಹೋಗಿ ಅವರು ಬಿಸಿಲಲ್ಲಿ ನಿಂತರು, ಒಳಗಿನಿಂದ ಯಾರೂ ಕರೆಯಲಿಲ್ಲ, ಸುಮ್ಮನೆ ವಾಪಸಾದರು. "ಕರೀಲಿಲ್ಲ ಅಂತ ನನಗೇನು ಬೇಜಾರಿಲ್ಲ ಕಣೇ ಹುಡುಗಿ. ನಾನಾಗಿದ್ರೂ ಕರೀತಿರ್ಲಿಲ್ಲ" ಅಂದರು.

ಆದರೆ ಟಿವಿಯವರಿಗೆ ಕೊಲೆ ಸಾಲಲಿಲ್ಲ, ರಾಕ್ಷಸ ಬೇಕಾಗಿದ್ದ. ಅವನಿಗೆ "ಸ್ಪ್ಯಾನರ್ ರಾಕ್ಷಸ" ಅಂತ ಹೆಸರಿಟ್ಟರು. ಅವನ ಲೈಸೆನ್ಸಿನ ಫೋಟೋ ತೆಗೆದು ಕಣ್ಣಿನ ಸುತ್ತ ಕೆಂಪು ಬಳಿದು, ಹಿಂದೆ ಢಂಢಂ ಅಂತ ಸದ್ದು ಹಾಕಿದರು. ಗುಂಡಿಯಮ್ಮನ ಬಾಗಿಲಿಗೆ ಮೈಕ್ ಹಿಡಿದು ಬಂದವಳೊಬ್ಬಳು, "ಅಜ್ಜೀ, ಚಿಕ್ಕವನಿದ್ದಾಗ ಇರುವೆಗಿರುವೆ ಸಾಯಿಸ್ತಿದ್ನಾ?" ಅಂತ ಕೇಳಿದಳು. ಗುಂಡಿಯಮ್ಮ "ಎಲ್ಲ ಮಕ್ಕಳೂ ಸಾಯಿಸ್ತಾವಲ್ಲಮ್ಮ" ಅಂದರು. ಸಂಜೆ ಟಿವಿಯಲ್ಲಿ ದೊಡ್ಡ ಅಕ್ಷರದಲ್ಲಿ ಬಂತು: ಬಾಲ್ಯದಿಂದಲೇ ಜೀವ ತೆಗೆಯುವ ಚಟ, ತಾಯಿಯೇ ಬಾಯಿಬಿಟ್ಟಳು! ನನಗೆ ಮೈಯೆಲ್ಲ ಉರಿದುಹೋಯಿತು. ಆ ಮೈಕಿನವಳು ಹುಟ್ಟಿದಾಗಿನಿಂದ ಒಂದು ಸೊಳ್ಳೆಯನ್ನೂ ಹೊಡೆದಿಲ್ಲವೋ ಏನೋ.

ಅದೇ ವಾರ ಡೈರೆಕ್ಟರ್ ಹುಡುಗನ ಫೋನು ಬಂತು. ಶನಿವಾರಕ್ಕೆ ಸ್ಪ್ಯಾನರ್ ಕೇಸು ಅಂಕಲ್, ಬನ್ನಿ ಅಂದ. ಇವರು ಬಾಯಲ್ಲಿ ಮೊಳೆ ಇಟ್ಟುಕೊಂಡೇ "ಊಹ್ಞೂಂ" ಅಂದರು. ಆ ಹುಡುಗ ಬಿಡಲಿಲ್ಲ. ಇವರು ಮೊಳೆಗಳನ್ನು ಅಂಗೈಗೆ ಉಗುಳಿ, "ಆ ಹುಡುಗನ್ನ ಎತ್ತಿ ಆಡಿಸಿದೀನಪ್ಪಾ. ನನ್ನಿಂದ ಆಗಲ್ಲ, ಬೇರೆಯವರನ್ನ ನೋಡ್ಕೋ" ಅಂದು ಫೋನು ಇಟ್ಟರು. ಮೂಲೆಯಲ್ಲಿ ಕೂತಿದ್ದ ಗುಂಡಿಯಮ್ಮ ಎಲ್ಲ ಕೇಳಿಸಿಕೊಂಡಿದ್ದರು.

"ನೀನೇ ಮಾಡು ಮಗಾ" ಅಂದರು.

"ಏನಮ್ಮಾ ನೀವು ಹೇಳೋದು?"

"ನೀನು ಬಿಟ್ರೆ ಅವರೇನು ಬಿಡ್ತಾರಾ? ಯಾರೋ ಗುರುತಿಲ್ಲದೋನು ಬಂದು ಹೇಗೆ ಮಾಡ್ತಾನೋ ಏನೋ. ನೀನಾದ್ರೆ ಅವನನ್ನ ಬಲ್ಲೆ. ಮಾಡಿದ್ದನ್ನ ಮಾಡಿದ ಅಂತ ತೋರ್ಸು. ಅದಕ್ಕಿಂತ ಜಾಸ್ತಿ ಬೇಡ."

ಇವರು ನನ್ನ ಮುಖ ನೋಡಿದರು. ಹೆತ್ತವಳು ಕೇಳುತ್ತಿದ್ದಾಳೆ. ಹೋಗಿ ಅಂದೆ.

ಶೂಟಿಂಗ್ ಮುಗಿಸಿ ಬಂದವರು ಎಂದೂ ಇಲ್ಲದಷ್ಟು ಮಾತಾಡಿದರು. ಸ್ಪ್ಯಾನರ್ ಎತ್ತಿದ್ದು ಒಂದೇ ಸಲವಂತೆ. ಆಮೇಲೆ ಕೆಳಗೆ ಕೂತು ಗೆಳೆಯನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರಂತೆ. ಬಾಯಿ ತೆರೆದದ್ದು ಜನರನ್ನು ಕೂಗಲಿಕ್ಕೆ. ಡೈರೆಕ್ಟರ್ ಹುಡುಗ "ಸೂಪರ್ ಅಂಕಲ್" ಅಂದನಂತೆ.

ಶನಿವಾರ ಸಂಜೆ ಗುಂಡಿಯಮ್ಮ ಒಗೆದ ಸೀರೆ ಉಟ್ಟು ನಮ್ಮ ಮನೆಗೆ ಬಂದರು, ನೆಂಟರ ಮನೆಗೆ ಹೋಗುವವರ ಹಾಗೆ. ಮಗಳು ಅವರನ್ನು ಟಿವಿಯ ಹತ್ತಿರ ಕೂರಿಸಿದಳು. ಟೀ ಕೊಟ್ಟೆ. ಕಾರ್ಯಕ್ರಮ ಶುರುವಾಯಿತು. ಕತ್ತಲು, ಢಂಢಂ ಸದ್ದು, ಸ್ಪ್ಯಾನರ್. ಎತ್ತಿದ್ದು ಒಂದೇ ಸಲ ನಿಜ, ಅದನ್ನೇ ತಿರುಗಿಸಿ ತಿರುಗಿಸಿ ತೋರಿಸಿದರು. ತೊಡೆಯ ಮೇಲೆ ತಲೆ ಇಟ್ಟುಕೊಂಡದ್ದನ್ನು ಕತ್ತರಿಸಿ ಬಿಸಾಡಿದ್ದರು. ಕೊನೆಗೆ ಇವರ ಮುಖ ತೆರೆಯ ತುಂಬ ಬಂತು, ಬಾಯಿ ತೆರೆಯಿತು. ಜನರನ್ನು ಕೂಗಲು ತೆರೆದ ಆ ಬಾಯಿಗೆ ಸ್ಟಾಕ್ ನಗುವನ್ನು ಅಂಟಿಸಿದ್ದರು. ಗಹಗಹ ಅಂತ ನಮ್ಮ ಕೋಣೆಯೆಲ್ಲ ತುಂಬಿಕೊಂಡಿತು. ಹಿಂದಿನಿಂದ ಗಡಸು ಧ್ವನಿಯೊಂದು, "ಗೆಳೆಯನ ಹೆಣದ ಮುಂದೆ ನಿಂತು ನಕ್ಕ ನರರಾಕ್ಷಸ!" ಅಂದಿತು.

ಗುಂಡಿಯಮ್ಮ ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಟೀ ಹಾಗೇ ಇತ್ತು. ಇವರು ಗೋಡೆಗೆ ಒರಗಿ ಕೂತವರು ಏಳಲಿಲ್ಲ.

ಮರುದಿನದಿಂದ ಅವರು ಮೊದಲಿನ ಹಾಗೇ ಅಂಗಡಿಗೆ ಬಂದರು, ಗುಂಡಿಗೆ ಬಟ್ಟೆ ಹೊದಿಸಿದರು. ಮಾತು ಮಾತ್ರ ನಿಂತಿತ್ತು. ಜೈಲಿನಲ್ಲಿ ಮಗನನ್ನು ನೋಡಲು ಪರವಾನಗಿ ಸಿಕ್ಕಿತ್ತು. ಅದಕ್ಕಾಗಿ ನಾನೇ ಅವರ ಜೊತೆ ಕಚೇರಿಗಳಿಗೆ ಅಲೆದಿದ್ದೆ. ಭೇಟಿಯ ದಿನ ಬಂತು, ಗುಂಡಿಯಮ್ಮ ಮೂಲೆ ಬಿಟ್ಟು ಏಳಲಿಲ್ಲ. ಯಾಕೆ ಹೋಗಲಿಲ್ಲ ಅಂತ ಕೇಳಿದೆ.

"ಕೊಂದ ಅಂದ್ರು. ಹೊಟ್ಟೆಗೆ ಹಾಕ್ಕೊಂಡೆ" ಅಂದರು ಗುಂಡಿಯಮ್ಮ. "ನಕ್ಕ ಅಂದ್ರೆ ಅದನ್ನ ಎಲ್ಲಿಗೆ ಹಾಕ್ಕೊಳ್ಳಲೇ ಹುಡುಗಿ?"

ಇವರು ಸುತ್ತಿಗೆ ಬಿಟ್ಟು ಬಂದು ಅವರ ಮುಂದೆ ಕುಕ್ಕುರುಗಾಲಲ್ಲಿ ಕೂತರು. "ಅಮ್ಮಾ, ಆ ನಗು ನನ್ನದು. ಅಂದು ನಕ್ಕಿದ್ದೂ ಅಲ್ಲ, ಎಂದೋ ನಕ್ಕಿದ್ದು. ಅವರು ಅಂಟಿಸಿದಾರೆ."

"ನೀನು ಒಳ್ಳೆಯವನು ಮಗಾ. ನನ್ನ ಸಮಾಧಾನಕ್ಕೆ ಹೇಳ್ತೀಯ. ಅವನನ್ನ ಬಲ್ಲೋನು ನೀನು. ತಿಳೀದೆ ಹಾಗೆ ನಗೋನಲ್ಲ ನೀನು. ಏನೋ ತಿಳಿದೇ ನಕ್ಕಿರ್ತೀಯ."

ಇವರ ಒಳ್ಳೆಯತನವೇ ಇವರಿಗೆ ಉರುಳಾಯಿತು ನೋಡಿ. ಕೆಟ್ಟವರಾಗಿದ್ದರೆ ಸುಳ್ಳು ನಕ್ಕರು ಅಂತ ಗುಂಡಿಯಮ್ಮ ನಂಬುತ್ತಿದ್ದರು. "ಹಾಗಾದ್ರೆ ಈಗಲೇ ನಕ್ಕು ತೋರಿಸ್ತೀನಿ, ಕೇಳಿ" ಅಂತ ಇವರು ಎದ್ದು ನಿಂತರು. ಬಾಯಿ ತೆರೆದರು. "ಹ... ಹ್ಹ... ಹ" ಅಂತ ಒಣ ಕೆಮ್ಮು ಬಂತು. ನಾನು ಮನೆಗೆ ಓಡಿ ರಬ್ಬರ್ ಚಾಕು ತಂದುಕೊಟ್ಟೆ, ಜಾಮ್ ಕೂಡ ತೊಳೆದಿರಲಿಲ್ಲ. ಚಾಕುವನ್ನು ಗೋಡೆಗೆ ಒತ್ತಿದರು, ಬಾಗಿಸಿದರು, ತಮ್ಮ ಹೊಟ್ಟೆಗೇ ಚುಚ್ಚಿಕೊಂಡರು. ನಗು ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಗುಂಡಿಯಮ್ಮ ತಲೆ ತಗ್ಗಿಸಿಕೊಂಡು ಇನ್ನೊಂದು ಗುಂಡಿ ತೆಗೆದುಕೊಂಡರು.

ಅಂದೇ ಇವರು ಸ್ಟುಡಿಯೋಗೆ ಹೋಗಿ, ಆ ನಗು ಅಳಿಸಿಬಿಡಿ ಅಂತ ಕೇಳಿದರಂತೆ. ಡೈರೆಕ್ಟರ್ ಹುಡುಗ ಕೆಟ್ಟವನೇನಲ್ಲ, ಕೂರಿಸಿ ಕಾಫಿ ಕೊಟ್ಟ. "ಅಂಕಲ್, ನಗು ಇಲ್ದಿದ್ರೆ ಜನ ಚಾನೆಲ್ ಬದಲಾಯಿಸ್ತಾರೆ. ಪಕ್ಕದ ಮನೆ ಹುಡುಗನ ಥರಾ ಕಂಡ್ರೆ ಯಾರು ನೋಡ್ತಾರೆ ಹೇಳಿ?" ಅಂದನಂತೆ. ಇವರು "ಅವನು ಪಕ್ಕದ ಮನೆ ಹುಡುಗನೇ ಅಲ್ವೇನಪ್ಪಾ" ಅಂದು ಎದ್ದು ಬಂದರು. ಮತ್ತೆ ಆ ಕಡೆ ಕಾಲಿಡಲಿಲ್ಲ.

ಒಂದು ಮಧ್ಯಾಹ್ನ ನಾನು ಅಂಗಡಿಗೆ ಊಟ ಒಯ್ದಾಗ ಗುಂಡಿಯಮ್ಮ ಒಬ್ಬರೇ ಇದ್ದರು. ಕೈಯಲ್ಲಿ ಗುಂಡಿ ಇತ್ತು, ಕೆಲಸ ನಡೆಯುತ್ತಿರಲಿಲ್ಲ.

"ಅವನು ನಗೋದು ಹೇಗಿತ್ತೇ ಹುಡುಗಿ?" ಅಂತ ನನ್ನನ್ನೇ ಕೇಳಿದರು. "ನೆನಪು ಮಾಡ್ಕೊಳ್ಳೋಕೆ ಹೋಗ್ತೀನಿ. ತೊಟ್ಟಿಲಲ್ಲಿ ನಕ್ಕಿದ್ದು, ನಿಮ್ಮ ಅಂಗಡೀಲಿ ಆಡ್ತಾ ನಕ್ಕಿದ್ದು. ಮುಖ ಬರುತ್ತೆ. ಬಾಯಿ ತೆರೆಯುತ್ತೆ. ನಿನ್ನ ಗಂಡನ ನಗು ಕೇಳುತ್ತೆ."

ನಾನು ಮೆತ್ತಗೆ ಮಾತಾಡುವವಳಲ್ಲ, ದುಃಖ ಬಂದರೆ ಸಿಟ್ಟಾಗಿಯೇ ಹೊರಗೆ ಬರುವುದು. "ಅವನನ್ನ ಹೆತ್ತಿದ್ದು ನೀವೋ ಟಿವಿಯವರೋ?" ಅಂತ ಜೋರು ಮಾಡಿದೆ. "ಅವನು ನಕ್ಕನೋ ಅತ್ತನೋ ನಂಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ, ಆ ಢಂಢಂ ಬಾರಿಸೋರಿಗಂತೂ ಗೊತ್ತೇ ಇಲ್ಲ. ಆ ಶಟರಿನ ಒಳಗೆ ಅವರ್ಯಾರೂ ಇರ್ಲಿಲ್ಲ. ಇದ್ದೋನು ಈಗ ಜೈಲಲ್ಲಿ ಕೂತು ಅಮ್ಮ ಬರ್ಲಿಲ್ಲ ಅಂತ ಬಾಗಿಲು ನೋಡ್ತಿದಾನೆ. ನೀವು ಇಲ್ಲಿ ಗುಂಡಿ ಒತ್ತುತ್ತಾ ಕೂತಿದೀರಾ!"

ಅವರು ಗುಂಡಿಯನ್ನು ತೊಡೆಯ ಮೇಲೆ ಇಟ್ಟರು. "ಹೋಗಿ ಏನಂತ ಕೇಳ್ಲಿ? ನಕ್ಯೇನೋ ಅಂತ ಕೇಳ್ಲಾ?" ಅಂದರು.

"ಏನೂ ಕೇಳ್ಬೇಡಿ. ಸುಮ್ನೆ ನೋಡಿ ಬನ್ನಿ."

"ಒಬ್ಬಳಿಂದ ಆಗಲ್ಲ."

ಹೀಗೆ ಮೂವರೂ ಹೊರಟೆವು. ಜೈಲಿನ ಬಾಗಿಲಲ್ಲಿ ಚೀಲ ತಪಾಸಣೆ ಮಾಡುತ್ತಿದ್ದ ಕಾವಲಿನವನು ಇವರ ಮುಖ ನೋಡಿ ಹೌಹಾರಿದ. ಆಮೇಲೆ ಗುರುತು ಹಿಡಿದು, "ಓಹೋ, ನೀವಾ! ನಿಮ್ಮನ್ನ ಒಳಗೆ ಬಿಡೋದು ಸುಲಭ ಸಾರ್, ಮತ್ತೆ ಹೊರಗೆ ಬಿಡೋಕೆ ಸಾಹೇಬರ ಪರ್ಮಿಷನ್ ಬೇಕು" ಅಂತ ತನ್ನ ಜೋಕಿಗೆ ತಾನೇ ನಕ್ಕ. ಇವರ ಹಣೆಯಲ್ಲಿ ಬೆವರು ಮೂಡಿತು. ಇವರಿಗೆ ಪೊಲೀಸು, ಬೀಗ, ಉದ್ದ ಗೋಡೆ ಎಲ್ಲದರ ಭಯ.

ಭೇಟಿಯ ಕೋಣೆ ಉದ್ದನೆಯದು. ನಡುವೆ ಜಾಲರಿ, ಆ ಕಡೆ ಅವರು, ಈ ಕಡೆ ನಾವು. ಎಲ್ಲರೂ ಒಟ್ಟಿಗೆ ಕೂಗಿ ಮಾತಾಡುವುದರಿಂದ ಸಂತೆಯ ಗದ್ದಲ. ಅವನನ್ನು ಕರೆತಂದರು. ಕೂದಲು ಸಣ್ಣಗೆ ಕತ್ತರಿಸಿದ್ದರು, ಕತ್ತು ತೆಳ್ಳಗಾಗಿತ್ತು. ಅಮ್ಮನನ್ನು ನೋಡಿ ತಲೆ ತಗ್ಗಿಸಿದ, ಮತ್ತೆ ಎತ್ತಲಿಲ್ಲ. ಗುಂಡಿಯಮ್ಮ ಜಾಲರಿಗೆ ಮುಖ ಒತ್ತಿ ತಮ್ಮ ಮಂಜುಗಣ್ಣಿನಿಂದ ಅವನನ್ನೇ ನೋಡುತ್ತಿದ್ದರು. ನಾನು "ಊಟ ಸರಿಯಾಗಿ ಮಾಡ್ತೀಯೇನೋ?" ಅಂದೆ. ಅವನು ಹೂಂ ಅಂದ. ಆಮೇಲೆ ಇವರ ಕಡೆ ನೋಡಿದ.

"ಟಿವೀಲಿ ನಾನು ಆಗಿದ್ದು ನೀವೇ ಅಲ್ವಾ ಅಣ್ಣಾ?" ಅಂದ.

ಇವರು ಜಾಲರಿಯ ಹತ್ತಿರಕ್ಕೆ ಸರಿದರು.

"ಒಳಗೆ ಎಲ್ರೂ ನೋಡಿದ್ರು. ದಿನಾ ಒಬ್ಬ ಬಂದು, ಎಲ್ಲಿ ಆ ನಗು ಒಂದ್ಸಲ ನಗು ಅಂತಾನೆ. ಅಡುಗೆಯೋರೂ ಕೇಳ್ತಾರೆ, ಕಾವಲಿನೋರೂ ಕೇಳ್ತಾರೆ. ನಂಗೆ ಬರಲ್ಲ ಅಂದ್ರೆ ನಂಬಲ್ಲ ಅಣ್ಣಾ. ಕೊಬ್ಬು ಅಂತಾರೆ." ಅಷ್ಟು ಹೇಳಿ ಅವನು ಅಮ್ಮನ ಕಡೆ ನೋಡಿ ಮತ್ತೆ ತಲೆ ತಗ್ಗಿಸಿದ. "ನಂಗೆ ಹಾಗೆ ನಗೋಕೆ ಬರಲ್ಲಮ್ಮ. ನಿಂಗೊತ್ತಲ್ಲ."

ಗೊತ್ತು ಅನ್ನಲು ಗುಂಡಿಯಮ್ಮನಿಗೆ ಆಗಲಿಲ್ಲ. ಗೊತ್ತಿದ್ದದ್ದು ಕಳೆದುಹೋಗಿತ್ತಲ್ಲ. ಇವರು ಅಮ್ಮನನ್ನು ನೋಡಿದರು, ಮಗನನ್ನು ನೋಡಿದರು. ಇವರ ಕತ್ತಿನ ನರ ಹೊಡೆದುಕೊಳ್ಳುವುದು ನನಗೆ ಕಾಣುತ್ತಿತ್ತು. "ಅಯ್ಯೋ, ಈಗ ಬೇಡ" ಅಂತ ನಾನು ತೋಳು ಹಿಡಿಯುವಷ್ಟರಲ್ಲಿ ಬಂದೇಬಿಟ್ಟಿತು.

ಅದೇ ನಗು. ಆ ಉದ್ದನೆಯ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಬಡಿದುಕೊಂಡು ಗಹಗಹ ಅಂತ ಹೋಯಿತು. ಗದ್ದಲವೆಲ್ಲ ಒಂದೇ ಸಲಕ್ಕೆ ನಿಂತಿತು. ಆ ಕಡೆಯವರು, ಈ ಕಡೆಯವರು ಎಲ್ಲ ತಿರುಗಿ ನೋಡಿದರು. ಮೂಲೆಯಲ್ಲಿ ನಿಂತಿದ್ದ ಕಾವಲಿನವನ ಕೈಯಿಂದ ಲಾಠಿ ಜಾರಿ ಬಿತ್ತು. ಇವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು, ಬೆರಳ ಸಂದಿಯಿಂದ ನಗು ಸೋರುತ್ತಲೇ ಇತ್ತು. ಜಾಲರಿಯ ಆಚೆ ಯಾರೋ ಒಬ್ಬ, "ಲೋ, ಆ ನಗು ಇವರದ್ದು ಕಣ್ರೋ!" ಅಂತ ಕೂಗಿದ.

ಆಗ ನಾನು ಹುಡುಗನ ಕಡೆ ನೋಡಿದೆ. ತಲೆ ತಗ್ಗಿಸಿಯೇ ನಿಂತಿದ್ದ. ಸದ್ದಿಲ್ಲ. ಬಾಯಿ ಮುಚ್ಚಿತ್ತು. ಭುಜಗಳು ಮಾತ್ರ ಮೇಲಕ್ಕೂ ಕೆಳಕ್ಕೂ ಅಲ್ಲಾಡುತ್ತಿದ್ದವು.

"ನೋಡೇ ಹುಡುಗಿ, ನೋಡು!" ಗುಂಡಿಯಮ್ಮ ನನ್ನ ಕೈ ಹಿಸುಕಿದರು. "ಸದ್ದೇ ಬರಲ್ಲ ಇವನಿಗೆ. ಕೂಸಿದ್ದಾಗ್ಲೂ ಹೀಗೇ. ಭುಜ ಮಾತ್ರ. ನಗ್ತಿದಾನೋ ಬಿಕ್ಕಳಿಸ್ತಿದಾನೋ ಗೊತ್ತಾಗ್ತಿರ್ಲಿಲ್ಲ. ಇದು ಕಣೇ ನನ್ನ ಮಗನ ನಗು, ಇದು!"

ಅವನು ಮುಖ ಎತ್ತಿ ಅಮ್ಮನನ್ನು ನೋಡಿದ. ಕಣ್ಣಲ್ಲಿ ಇನ್ನೂ ನಗು ಇತ್ತು. "ಅವನು ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ದಮ್ಮ" ಅಂದ.

ಯಾರು ಅಂತ ಅವನು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಅವನ ಭುಜಗಳು ಆಮೇಲೂ ಅಲ್ಲಾಡುತ್ತಲೇ ಇದ್ದವು, ಆದರೆ ಈಗ ಅದು ನಗು ಅಲ್ಲ. ಗುಂಡಿಯಮ್ಮ ಗುಂಡಿ ಒತ್ತಿ ಒತ್ತಿ ಗಟ್ಟಿಯಾದ ತಮ್ಮ ಬೆರಳ ತುದಿಗಳನ್ನು ಜಾಲರಿಯೊಳಗೆ ತೂರಿಸಿ, ಹೊತ್ತು ಮುಗಿಯುವವರೆಗೆ ಹಾಗೇ ಹಿಡಿದುಕೊಂಡು ನಿಂತರು.

ವಾಪಸ್ ಬರುವಾಗ ಬಸ್ಸು ತುಂಬಿತ್ತು. ಎಂದಿನಂತೆ ಇವರ ಪಕ್ಕದ ಸೀಟು ಖಾಲಿ. ಅವತ್ತು ಅದರಲ್ಲಿ ಗುಂಡಿಯಮ್ಮ ಕೂತರು, ಕೂತವರೇ ಇವರ ಭುಜಕ್ಕೆ ಒರಗಿ ನಿದ್ದೆಹೋದರು. ನಾನು ಕಂಬಿ ಹಿಡಿದು ನಿಂತು ಬಂದೆ.

ಈಗ ಅವರು ಪ್ರತಿ ಭೇಟಿಗೂ ಹೋಗುತ್ತಾರೆ. ಒಳಗೆ ಅವನನ್ನು ನಗು ಅಂತ ಯಾರೂ ಕಾಡುವುದಿಲ್ಲವಂತೆ. ಅದರ ಬದಲು ಆ ಸೋಫಾದವರು ಮತ್ತೆ ಯಾವಾಗ ಬರುತ್ತಾರೆ ಅಂತ ಕೇಳುತ್ತಾರಂತೆ. ಅವನ ಶಿಕ್ಷೆ ಅವನು ಅನುಭವಿಸುತ್ತಾನೆ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಟಿವಿಯವರು ಇವರ ಜಾಗಕ್ಕೆ ಬೇರೊಬ್ಬನನ್ನು ತಂದರು. ಮೊನ್ನೆ ಶನಿವಾರ ಸಂಜೆ ನಾನು ಅಂಗಡಿಯಲ್ಲೇ ಇದ್ದೆ. ಇವರು ಒಂದು ಸೋಫಾದ ಬೆನ್ನಿಗೆ ಬಟ್ಟೆ ಎಳೆಯುತ್ತಿದ್ದರು, ಗುಂಡಿಯಮ್ಮ ಮೂಲೆಯಲ್ಲಿದ್ದರು. ಪಕ್ಕದ ಟೀ ಅಂಗಡಿಯ ಟಿವಿಯಿಂದ ಢಂಢಂ ಕೇಳಿಸಿತು. ಯಾವುದೋ ಊರಿನ ಯಾವನೋ ಏನೋ ಮಾಡಿದ್ದಾನೆ. ಆಮೇಲೆ ಆ ನಗು. ಮುಖ ಯಾರದೋ, ನಗು ಇವರದೇ. ಇವರ ಸುತ್ತಿಗೆ ನಿಂತಿತು.

ಗುಂಡಿಯಮ್ಮ ಕಿವಿಗೊಟ್ಟು ಕೇಳಿದರು. ಕೈಯಲ್ಲಿದ್ದ ಗುಂಡಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು.

"ಇವನಿಗೂ ಒಬ್ಬಳು ಅಮ್ಮ ಇರ್ತಾಳೆ ಮಗಾ" ಅಂದರು. "ಎಲ್ಲಿದಾಳೆ ಅಂತ ಆ ಟೀ ಅಂಗಡಿಯೋನನ್ನ ಕೇಳು, ಟಿವೀಲಿ ಊರು ಹೇಳಿರ್ತಾರೆ. ಆ ನಗು ನಿನ್ನದು ಅಂತ ಹೇಳಿ ಬರೋಣ."

ಇವರು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿ, ಸೋಫಾದ ಅಡಿಯಲ್ಲಿ ಚಪ್ಪಲಿ ಹುಡುಕತೊಡಗಿದರು.